ರಜೆಗೆ ಹೋಗುವಾಗ ಮರೀನ್ ಟ್ಯಾಂಕ್ ಬೇರೆಯವರ ಕೈಗೆ ಕೊಡುವ ಮುಂಚೆ ಇದನ್ನು ಓದಿ

ಕೋಪದಲ್ಲೇ ಬರೆಯುತ್ತಿದ್ದೇನೆ. ಮನೆಗೆ ಬಂದು ಐದು ದಿನ ಆಯಿತು, ಇನ್ನೂ ಇಳಿದಿಲ್ಲ. ನಾಚಿಕೆಯೂ ಆಗುತ್ತಿದೆ, ಏಕೆಂದರೆ ಮೋಸ ನಡೆಯುತ್ತಿದ್ದಾಗಲೇ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ಸುಮ್ಮನಾಗಿಬಿಟ್ಟೆ.

ನನ್ನದು ಮರೀನ್ ಟ್ಯಾಂಕ್, ಅಂದರೆ ಉಪ್ಪು ನೀರಿನಲ್ಲಿ ಸಮುದ್ರದ ಮೀನು, ಹವಳ ಸಾಕುವ ಗಾಜಿನ ತೊಟ್ಟಿ. ಹನ್ನೆರಡು ದಿನ ಊರಲ್ಲಿ ಇರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಮುಂಚೆಯೇ ತಯಾರಿ ಮಾಡಿಕೊಂಡಿದ್ದೆ. ಹೊರಡುವ ಎರಡು ವಾರ ಮೊದಲಿನಿಂದ ಟ್ಯಾಂಕಿಗೆ ಹೊಸ ಮೀನು, ಹೊಸ ಹವಳ ಯಾವುದನ್ನೂ ತರಲಿಲ್ಲ. ನಾಲ್ಕು ದಿನ ಮೊದಲೇ ನೀರು ಬದಲಾಯಿಸಿದೆ, ಹೊರಡುವ ದಿನ ಅಲ್ಲ. ಏನಾದರೂ ಎಡವಟ್ಟಾದರೆ ಸರಿಮಾಡಲು ಸಮಯ ಇರಲಿ ಅಂತ. ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್‌ನ ಕಪ್ ತೊಳೆದೆ, ಉಕ್ಕದ ಹಾಗೆ ನೊರೆ ಸ್ವಲ್ಪ ತಗ್ಗಿಸಿಟ್ಟೆ. ದೀಪಗಳಿಗೆ ಟೈಮರ್ ಇದೆ. ಹೀಟರ್ ಪರೀಕ್ಷೆ ಮಾಡಿದೆ.

ಉಳಿದದ್ದು ಎರಡೇ ಕೆಲಸ. ಮೀನಿಗೆ ಊಟ ಮತ್ತು ಆರ್‌ಓ ನೀರು ತುಂಬುವುದು.

ನನ್ನ ಟ್ಯಾಂಕು, ಅದರ ಕೆಳಗಿನ ಫಿಲ್ಟರ್ ತೊಟ್ಟಿ (ಸಂಪು) ಸೇರಿ 200 ಲೀಟರ್. ದಿನಕ್ಕೆ ಸುಮಾರು ನಾಲ್ಕು ಲೀಟರ್ ಆವಿಯಾಗುತ್ತದೆ. ಮರೀನ್ ಟ್ಯಾಂಕ್ ಇಟ್ಟವರಿಗೆಲ್ಲ ಇದು ಗೊತ್ತು: ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದದ್ದನ್ನು ತುಂಬಬೇಕಾದದ್ದು ಉಪ್ಪಿಲ್ಲದ ಆರ್‌ಓ ನೀರಿನಿಂದ. ನೀರಿನ ಮಟ್ಟ ಇಳಿದಾಗ ತಾನಾಗಿಯೇ ತುಂಬುವ ಯಂತ್ರ, ಆಟೋ ಟಾಪ್ ಆಫ್ ಇದೆ, ಅದರ ಡ್ರಮ್ 20 ಲೀಟರಿನದು. ದೊಡ್ಡ ಡ್ರಮ್ ಯಾಕೆ ಇಡಲಿಲ್ಲ ಅಂತ ಕೇಳಬಹುದು. ಸೆನ್ಸರ್ ಸಿಕ್ಕಿಹಾಕಿಕೊಂಡರೆ ಡ್ರಮ್ಮಿನಲ್ಲಿ ಇರುವಷ್ಟೂ ನೀರು ಟ್ಯಾಂಕಿಗೆ ಸುರಿದುಬಿಡುತ್ತದೆ, ಆ ಭಯಕ್ಕೆ. 20 ಲೀಟರ್ ಐದು ದಿನಕ್ಕೆ ಸಾಕು. ಆಮೇಲೆ ಯಾರಾದರೂ ತುಂಬಲೇಬೇಕು.

ಅದಕ್ಕೆ ಈ ಮನುಷ್ಯನನ್ನು ಗೊತ್ತುಮಾಡಿದೆ. ಟ್ಯಾಂಕ್ ನೋಡಿಕೊಳ್ಳುವುದೇ ತನ್ನ ಕೆಲಸ, ಹತ್ತು ವರ್ಷದ ಅನುಭವ ಅಂದ. ದಿನ ಬಿಟ್ಟು ದಿನ ಬರಬೇಕು, ಒಟ್ಟು ಆರು ಸಲ. ಪ್ರತಿ ಸಲವೂ ಫೋಟೋ ಕಳಿಸಬೇಕು. ಹಣ ಪೂರ್ತಿ ಮುಂಗಡ ಕೇಳಿದ. ಕೊಟ್ಟೆ. ಹೌದು, ಪೂರ್ತಿ ಕೊಟ್ಟೆ.

ಆರು ಸಲಕ್ಕೆ ಆರು ಚಿಕ್ಕ ಡಬ್ಬಿಗಳಲ್ಲಿ ಊಟ ಅಳೆದಿಟ್ಟೆ. ಸಲಕ್ಕೆ ಒಂದು ಡಬ್ಬಿ, ಅಷ್ಟೇ. ಟ್ಯಾಂಕಿನ ಪಕ್ಕ ಆರ್‌ಓ ನೀರಿನ ಮೂರು ಕ್ಯಾನ್. ಗೋಡೆ ಬದಿಗೆ ಉಪ್ಪು ಬೆರೆಸಿದ ನೀರಿನ ಎರಡು ಕ್ಯಾನ್, ತುರ್ತಿಗೆ ನೀರು ಬದಲಾಯಿಸಬೇಕಾಗಿ ಬಂದರೆ ಇರಲಿ ಅಂತ. ಅವುಗಳ ಮೇಲೆ ಕೆಂಪು ಟೇಪ್ ಸುತ್ತಿ "ಉಪ್ಪು ನೀರು, ಮುಟ್ಟಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಎದುರಿಗೆ ನಿಲ್ಲಿಸಿಕೊಂಡು ಎರಡು ಸಲ ತೋರಿಸಿದೆ. "ಗೊತ್ತು ಮೇಡಂ, ಗೊತ್ತು ಮೇಡಂ" ಅಂದ. ಒಂದು ಹಾಳೆಯಲ್ಲೂ ಬರೆದುಕೊಟ್ಟೆ. ಮನೆ ಕೀ ಪಕ್ಕದ ಮನೆಯ ಅಜ್ಜಿ ಹತ್ತಿರ ಇಟ್ಟೆ. ಇದೊಂದು ಒಳ್ಳೆಯ ಕೆಲಸ ಮಾಡಿದ್ದೆ ಅಂತ ಆಮೇಲೆ ಗೊತ್ತಾಯಿತು.

ಎರಡನೇ ದಿನ ಮೆಸೇಜ್ ಬಂತು: "ಬಂದಿದ್ದೆ ಮೇಡಂ. ಎಲ್ಲಾ ಸೂಪರ್." ಫೋಟೋ ಇಲ್ಲ. ಕೇಳಿದರೆ "ಮೊಬೈಲ್‌ನಲ್ಲಿ ಚಾರ್ಜ್ ಇರಲಿಲ್ಲ" ಅಂದ. ಚಾರ್ಜ್ ಇಲ್ಲದ ಮೊಬೈಲಿನಿಂದ ಮೆಸೇಜ್ ಹೇಗೆ ಬಂತು ಅಂತ ಆಗ ಹೊಳೆಯಲಿಲ್ಲ. ಮನೆಗೆ ಹೋಗಿ ಕಳಿಸಿರಬೇಕು ಅಂದುಕೊಂಡೆ. ನಾಲ್ಕನೇ ದಿನ ಒಂದು ಫೋಟೋ ಬಂತು. ಚೆನ್ನಾಗಿತ್ತು. ಕ್ಲೌನ್ ಮೀನುಗಳ ಜೋಡಿ ಕಾಣುತ್ತಿತ್ತು, ಹ್ಯಾಮರ್ ಕೋರಲ್ ಅನ್ನುವ ಹವಳ ಪೂರ್ತಿ ಅರಳಿತ್ತು. ನೆಮ್ಮದಿ ಆಯಿತು.

ಆರನೇ ದಿನ ಇನ್ನೊಂದು ಫೋಟೋ. ಇಲ್ಲೇ ನಾನು ನಿಲ್ಲಬೇಕಿತ್ತು. ಎಡಗಡೆ ಗಾಜಿನ ಮೇಲ್ಮೂಲೆಯಲ್ಲಿ ನನ್ನ ದೊಡ್ಡ ಟರ್ಬೊ ಬಸವನಹುಳು ಇತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿ ನಾಲ್ಕನೇ ದಿನದ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅದೇ ಮೂಲೆ. ಅದೇ ಓರೆ. ಅದರ ಕೆಳಗೆ ಗಾಜಿನ ಮೇಲೆ ಅದೇ ಪಾಚಿ ಗೆರೆ. ಥರ್ಮಾಮೀಟರ್‌ನಲ್ಲಿ ಅದೇ 25.8. ನಾನು ಹಾಸಿಗೆಯ ಮೇಲೆ ಕೂತು ಎರಡು ಫೋಟೋಗಳನ್ನೂ ದೊಡ್ಡದು ಮಾಡಿ ಮಾಡಿ ನೋಡಿದೆ. ಮೀನುಗಳು ಬೇರೆ ಬೇರೆ ಕಡೆ ಇದ್ದವು, ಅದು ನಿಜ. ಬಸವನಹುಳು ಮಾತ್ರ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ರಾತ್ರಿಯಿಡೀ ಗಾಜು ಸುತ್ತುವ ಹುಳು ಅದು. ಬಂಡೆ ಮೇಲಿನ ಚಿಕ್ಕ ಹವಳಗಳನ್ನು ಉರುಳಿಸಿಕೊಂಡು ಓಡಾಡುವ ಹುಳು. ಎರಡು ದಿನ ಒಂದೇ ಕಡೆ, ಒಂದೇ ಓರೆಯಲ್ಲಿ?

ಕೇಳಿದೆ. ಆತನ ಉತ್ತರ: "ಬಸವನಹುಳು ನಿಧಾನ ಅಲ್ವಾ ಮೇಡಂ. ಟೆನ್ಶನ್ ತಗೋಬೇಡಿ. ರಜೆ ಎಂಜಾಯ್ ಮಾಡಿ."

ನಾನು "ಸರಿ" ಅಂತ ಬರೆದೆ. "ಸರಿ" ಅಂತ! ಆ ಎರಡು ಅಕ್ಷರ ಈಗಲೂ ಫೋನಿನಲ್ಲಿದೆ, ತೆಗೆದು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಪಕ್ಕದ ಮನೆ ಅಜ್ಜಿಗೆ ಒಂದು ಫೋನ್ ಮಾಡಿದ್ದರೆ ಅವತ್ತೇ ಎಲ್ಲ ಗೊತ್ತಾಗುತ್ತಿತ್ತು. ಅನುಮಾನ ಪಟ್ಟರೆ ಆತನಿಗೆ ಬೇಜಾರಾಗಿ ಬರುವುದನ್ನೇ ಬಿಟ್ಟರೆ ಅನ್ನುವ ಹೆದರಿಕೆ ನನಗೆ. ಆತನೋ ಬರುತ್ತಲೇ ಇರಲಿಲ್ಲ.

ಹನ್ನೆರಡನೇ ದಿನ ರಾತ್ರಿ ಬಾಗಿಲು ತೆಗೆದಾಗಲೇ ವಾಸನೆ ಬಂತು. ಟ್ಯಾಂಕಿನ ನೀರು ಮಸುಕಾಗಿತ್ತು. ಹ್ಯಾಮರ್ ಕೋರಲ್ ಪೂರ್ತಿ ಒಳಗೆ ಸೇರಿಕೊಂಡು ಬಿಳಿ ಅಸ್ಥಿ ಕಾಣುತ್ತಿತ್ತು. ಐದು ಕ್ರೋಮಿಸ್ ಮೀನಿನಲ್ಲಿ ಎರಡು ಇರಲಿಲ್ಲ. ಬಂಡೆಯ ಹಿಂದೆ ಕೆಂಪು ಬಿಳಿ ಪಟ್ಟೆ ಕಂಡಿತು, ನನ್ನ ಕ್ಲೀನರ್ ಸೀಗಡಿ. ಪೊರೆ ಬಿಟ್ಟಿರಬೇಕು ಅಂದುಕೊಂಡೆ. ಸೀಗಡಿ ಪೊರೆ ಬಿಟ್ಟಾಗ ಥೇಟ್ ಸತ್ತ ಸೀಗಡಿಯ ಹಾಗೇ ಕಾಣುತ್ತದೆ, ಎಷ್ಟೋ ಸಲ ಹೆದರಿದ್ದೇನೆ. ಇಕ್ಕಳದಲ್ಲಿ ಎತ್ತಿದೆ. ಪೊರೆ ಹಗುರ ಇರುತ್ತದೆ, ಒಳಗೆ ಟೊಳ್ಳು. ಇದು ಟೊಳ್ಳಾಗಿರಲಿಲ್ಲ. ಮೂರು ವರ್ಷ ನನ್ನ ಕೈ ಮೇಲೆ ಹತ್ತಿ ಉಗುರು ಕೆದಕುತ್ತಿದ್ದ ಜೀವ ಅದು.

ಉಪ್ಪಿನಂಶ ನೋಡಿದೆ. ಹೊರಡುವ ದಿನ 1.026 ಇತ್ತು (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ, ಉಪ್ಪು ಹೆಚ್ಚಿದಷ್ಟೂ ಏರುತ್ತದೆ). ಈಗ 1.030. ನಂಬಿಕೆ ಬರದೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಮಾಡಿಕೊಂಡು ಮತ್ತೆ ನೋಡಿದೆ. 1.030. ಅಂದರೆ 35 ಇರಬೇಕಾದದ್ದು 40ರ ಹತ್ತಿರ. ಅಮೋನಿಯಾ ಕಾಣಲೇಬಾರದು, 0.5 ತೋರಿಸಿತು.

ಆಮೇಲೆ ಗೋಡೆ ಬದಿಗೆ ಕಣ್ಣು ಹೋಯಿತು. ಕೆಂಪು ಟೇಪಿನ ಎರಡೂ ಕ್ಯಾನ್ ಮುಚ್ಚಳ ತೆರೆದಿತ್ತು. ತಳದಲ್ಲಿ ಒಂದಿಷ್ಟು ನೀರು ಬಿಟ್ಟರೆ ಎರಡೂ ಖಾಲಿ. ಆರ್‌ಓ ನೀರಿನ ಮೂರು ಕ್ಯಾನ್ ಸೀಲ್ ಕೂಡ ಒಡೆಯದೆ ಹಾಗೇ ನಿಂತಿದ್ದವು. ಉಪ್ಪು ನೀರನ್ನೇ ಡ್ರಮ್ಮಿಗೆ ಸುರಿದಿದ್ದ. ಟಾಪ್ ಆಫ್ ಯಂತ್ರಕ್ಕೆ ನೀರಿನ ಮಟ್ಟ ಮಾತ್ರ ಗೊತ್ತು, ಉಪ್ಪು ಗೊತ್ತಿಲ್ಲ. ಅದು ಪಾಪ ನಾಲ್ಕು ನಾಲ್ಕು ಲೀಟರ್ ಉಪ್ಪು ನೀರನ್ನೇ ದಿನಾ ಸೇರಿಸುತ್ತಾ ಹೋಗಿದೆ. ನಾನು ಬರೆದುಕೊಟ್ಟ ಹಾಳೆ ಮಡಚಿದ ಹಾಗೇ ಡಬ್ಬಿಗಳ ಕೆಳಗಿತ್ತು.

ರಾತ್ರಿಯೇ ಫೋನ್ ಮಾಡಿದೆ.

"ಎಷ್ಟು ಸಲ ಬಂದಿದ್ದಿರಿ?"

"ಆರು ಸಲ ಮೇಡಂ. ಆರು ಡಬ್ಬೀನೂ ಖಾಲಿ ಇದೆ, ನೋಡಿ ಬೇಕಾದ್ರೆ."

ಡಬ್ಬಿಗಳು ಖಾಲಿ ಇದ್ದವು, ನಿಜ. ಬೆಳಿಗ್ಗೆ ಅಜ್ಜಿಯನ್ನು ಕೇಳಿದೆ. "ಎರಡೇ ಸಲ ಬಂದಿದ್ದು ಕಣಮ್ಮ. ನಾಲ್ಕನೇ ದಿನ ಒಮ್ಮೆ, ಆಮೇಲೆ ಎಂಟನೇ ದಿನ. ಎರಡನೇ ಸಲ ಹತ್ತು ನಿಮಿಷಾನೂ ಇರಲಿಲ್ಲ" ಅಂದರು. ಅಂದರೆ ಸಲಕ್ಕೆ ಮೂರು ಮೂರು ಡಬ್ಬಿ ಊಟ ಒಟ್ಟಿಗೆ ಸುರಿದಿದ್ದಾನೆ, ಲೆಕ್ಕ ಸರಿಹೋಗಲಿ ಅಂತ! ತಿನ್ನದೆ ಉಳಿದ ಊಟ ಕೊಳೆತರೆ ಅಮೋನಿಯಾ ಆಗುತ್ತದೆ, ಅದು ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು. ಆರೋಗ್ಯವಾಗಿರುವ ದೊಡ್ಡ ಮೀನುಗಳು ನಾಲ್ಕೈದು ದಿನ ಊಟ ಇಲ್ಲದೆ ಇರುತ್ತವೆ. ಹಾಕದೇ ಬಿಟ್ಟಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ. ಎರಡು ದಿನ ಬಂದು ಏಳೆಂಟು ಫೋಟೋ ತೆಗೆದಿಟ್ಟುಕೊಂಡು ಒಂದೊಂದೇ ಕಳಿಸಿದ್ದಾನೆ.

ಅಜ್ಜಿ ಹೇಳಿದ್ದನ್ನು ತಿಳಿಸಿದೆ. ಬಂದ ಉತ್ತರ: "ಅವರಿಗೆ ವಯಸ್ಸಾಗಿದೆ ಮೇಡಂ, ಮರೆತಿರ್ತಾರೆ."

ಉಪ್ಪು ನೀರಿನ ಕ್ಯಾನ್ ಯಾಕೆ ಮುಟ್ಟಿದಿರಿ ಅಂತ ಕೇಳಿದೆ. ಈ ಉತ್ತರ ಎಲ್ಲರೂ ಓದಬೇಕು: "ಸಮುದ್ರದ ಮೀನಿಗೆ ಉಪ್ಪು ನೀರೇ ಅಲ್ವಾ ಮೇಡಂ ಹಾಕೋದು?"

ಹತ್ತು ವರ್ಷದ ಅನುಭವ. ನಾನು ಫೋನ್ ಹಿಡಿದುಕೊಂಡು ಒಂದು ನಿಮಿಷ ಮಾತೇ ಆಡಲಿಲ್ಲ. ಸುಮ್ನೆ ನಿಂತಿದ್ದೆ. ಮರೀನ್ ಟ್ಯಾಂಕ್ ಇಟ್ಟ ಮೊದಲ ವಾರದಲ್ಲಿ ಕಲಿಯುವ ಮಾತು ಆತನಿಗೆ ಗೊತ್ತಿರಲಿಲ್ಲ, ಅಂಥವನ ಕೈಗೆ ನಾನೇ ಟ್ಯಾಂಕ್ ಕೊಟ್ಟಿದ್ದೆ.

ಆಮೇಲೆ ಒಂದರ ಹಿಂದೆ ಒಂದು ಬಂದವು. "ನಿಮ್ಮ ಟ್ಯಾಂಕ್ ಮೊದಲೇ ವೀಕ್ ಇತ್ತು." "ಮೀನು ಸಾಯೋದು ಸಹಜ." "ಬೇಕಾದ್ರೆ ಹೊಸ ಸೀಗಡಿ ಕಡಿಮೆ ರೇಟಿಗೆ ಕೊಡಿಸ್ತೀನಿ." ಹಣ ವಾಪಸ್ ಕೇಳಿದೆ, ಅರ್ಧವಾದರೂ ಕೊಡಿ ಅಂದೆ. ಬ್ಲಾಕ್ ಮಾಡಿದ.

ಆ ರಾತ್ರಿ ತುರ್ತಿಗೆ ಅಂತ ಇಟ್ಟ ಉಪ್ಪು ನೀರೂ ಇರಲಿಲ್ಲ, ಅದನ್ನೇ ತಾನೇ ಸುರಿದದ್ದು. ಹೊಸದಾಗಿ ಬೆರೆಸಿ, ಪಂಪ್ ಹಾಕಿ ತಿರುಗಿಸಿ, ಬೆಳಗಿನ ಜಾವ ನೀರು ಬದಲಾಯಿಸಿದೆ. ಉಪ್ಪನ್ನು ಒಂದೇ ಸಲ ಇಳಿಸಿದರೆ ಉಳಿದವೂ ಹೋಗುತ್ತವೆ. ಅದಕ್ಕೆ ದಿನಕ್ಕೆ ಆರು ಲೀಟರ್ ಟ್ಯಾಂಕಿನ ನೀರು ತೆಗೆದು, ಅಷ್ಟೇ ಆರ್‌ಓ ನೀರು ಹಾಕುತ್ತಿದ್ದೇನೆ. ಇವತ್ತು ಬೆಳಿಗ್ಗೆ 1.027. ಕ್ಲೌನ್ ಜೋಡಿ ಊಟ ಮಾಡುತ್ತಿದೆ. ಹ್ಯಾಮರ್‌ನ ನಾಲ್ಕು ತಲೆಗಳಲ್ಲಿ ಒಂದು ಸ್ವಲ್ಪ ಹೊರಗೆ ಬಂದಿದೆ.

ನೀವು ರಜೆಗೆ ಹೋಗುವವರಿದ್ದರೆ, ದಯವಿಟ್ಟು, ಉಪ್ಪು ನೀರಿನ ಕ್ಯಾನ್ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಟೇಪು, ಬರಹ ಯಾವುದನ್ನೂ ಯಾರೂ ಓದುವುದಿಲ್ಲ. ಊಟ ಒಟ್ಟಿಗೆ ಕೊಡಬೇಡಿ, ಕೀ ಇರುವವರ ಹತ್ತಿರ ಕೊಟ್ಟು ಸಲಕ್ಕೊಂದು ಡಬ್ಬಿ ಕೊಡಿಸಿ. ಫೋಟೋ ಬೇಡ, ವೀಡಿಯೋ ಕರೆ ಮಾಡಿಸಿ, ರಿಫ್ರ್ಯಾಕ್ಟೋಮೀಟರಿನಲ್ಲಿ ಕಣ್ಣಿಡುವ ಜಾಗಕ್ಕೆ ಕ್ಯಾಮೆರಾ ಹಿಡಿದು ತೋರಿಸು ಅನ್ನಿ. ನೀರು ಕಡಿಮೆಯಾದರೆ ಏನು ಹಾಕ್ತೀರಿ ಅಂತ ಮೊದಲೇ ಕೇಳಿ. ಆ ಒಂದು ಪ್ರಶ್ನೆ ನಾನು ಕೇಳಲಿಲ್ಲ. ಪೂರ್ತಿ ಹಣ ಮುಂಗಡ ಕೊಡಲೇಬೇಡಿ. ಸಾಧ್ಯವಾದರೆ ಇಂಥವರ ಸಹವಾಸವೇ ಬೇಡ, ಟ್ಯಾಂಕ್ ಇಟ್ಟಿರುವ ಗೆಳೆಯರನ್ನೇ ಕೇಳಿ.

ಇನ್ನೊಂದು ವಿಷಯ, ಇದಕ್ಕೇ ಇವತ್ತು ಕೂತು ಬರೆದದ್ದು. ನಿನ್ನೆ ಗೆಳತಿಯೊಬ್ಬಳು ಆತನ ಹೊಸ ಜಾಹೀರಾತು ಕಳಿಸಿದಳು. "ರಜೆಗೆ ಹೋಗಿ, ಟ್ಯಾಂಕ್ ನಮಗೆ ಬಿಡಿ" ಅಂತ ಇದೆ. ಅದರಲ್ಲಿರುವುದು ನನ್ನ ಟ್ಯಾಂಕಿನ ಫೋಟೋ. ಅರಳಿದ ಹ್ಯಾಮರ್ ಕೋರಲ್, ಜೋಡಿ ಕ್ಲೌನ್ ಮೀನು, ಥರ್ಮಾಮೀಟರ್‌ನಲ್ಲಿ 25.8, ಎಡಗಡೆ ಗಾಜಿನ ಮೇಲ್ಮೂಲೆಯಲ್ಲಿ ಓರೆಯಾಗಿ ಅಂಟಿಕೊಂಡ ದೊಡ್ಡ ಬಸವನಹುಳು. ಆ ಫೋಟೋ ತೋರಿಸಿ ಯಾರಾದರೂ ಕೆಲಸ ಕೇಳಿದರೆ, ಕೀ ಕೊಡಬೇಡಿ.