ಕಾರವಾರದ ಮಳೆಗೆ ಯಾವ ಕಪಾಟು ತಡೆಯುತ್ತದೆ? ಮೂರನ್ನೂ ಬಳಸಿ ನೋಡಿದೆವು

ಕೋಡಿಬಾಗದಲ್ಲಿ ಬಾಡಿಗೆ ಮನೆ ಹಿಡಿದಾಗ ಮನೆ ಸಾಮಾನಿಗೆಂದು ನಮ್ಮ ಕೈಲಿದ್ದದ್ದು 40,000 ರೂಪಾಯಿ. ಫ್ರಿಜ್, ಫ್ಯಾನು, ಗ್ಯಾಸ್ ಒಲೆ ಅಂತ ಅರ್ಧಕ್ಕಿಂತ ಜಾಸ್ತಿ ಹೋಯಿತು. ಹಾಗಾಗಿ ಬಟ್ಟೆ ಕಪಾಟು ಅಗ್ಗದ್ದೇ ಇರಲಿ ಅಂತ ಆನ್‌ಲೈನ್‌ನಲ್ಲಿ 6,800ಕ್ಕೆ ಪಾರ್ಟಿಕಲ್ ಬೋರ್ಡಿನದ್ದು ತರಿಸಿದೆವು. ಏಪ್ರಿಲ್‌ನಲ್ಲಿ ಬಂತು. ನೋಡಲು ಚೆಂದ, ಎರಡು ತಾಸಿನಲ್ಲಿ ಜೋಡಿಸಿಯೂ ಆಯಿತು.

ಜೂನ್ ಬಂತು ನೋಡಿ. ಕಾಳಿ ನದಿ ಸಮುದ್ರ ಸೇರುವ ಜಾಗ ನಮ್ಮ ಮನೆಗೆ ಹತ್ತಿರ, ಗೋಡೆಯೇ ಬೆವರುತ್ತದೆ. ಜುಲೈ ಮುಗಿಯುವುದರೊಳಗೆ ಬಾಗಿಲಿನ ಕೆಳಅಂಚು ನೀರಲ್ಲಿ ನೆನೆದ ರಸ್ಕಿನ ಹಾಗೆ ಉಬ್ಬಿತು. ಉಗುರಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಒಂದಿನ ಹಿಂಜು ಕಿತ್ತು ಬಂತು, ಸ್ಕ್ರೂ ಜೊತೆ ಒಂದು ಚಿಟಿಕೆ ಮರದ ಹೊಟ್ಟು. ಅದನ್ನು ತಿರುಗಿ ಕೂರಿಸಲು ಆಗಲೇ ಇಲ್ಲ, ಯಾಕೆಂದರೆ ಈ ಬೋರ್ಡು ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ್ದು, ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. 6,800 ರೂಪಾಯಿ ನೀರಲ್ಲಿ ಹೋಮ. ಹೊಟ್ಟೆ ಉರಿಯಿತು.

ಆಮೇಲೆ ಪೇಟೆಯಲ್ಲಿ 10,500 ಕೊಟ್ಟು ಸ್ಟೀಲ್ ಕಪಾಟು ತಂದೆವು. ಕೊಳ್ಳುವಾಗ ಗೇಜ್ ಕೇಳಿ. ನಂಬರ್ ಕಡಿಮೆ ಇದ್ದಷ್ಟೂ ತಗಡು ದಪ್ಪ, ಅಂದರೆ 22ಕ್ಕಿಂತ 20 ಗಟ್ಟಿ. ಇದು ಉಬ್ಬುವುದಿಲ್ಲ, ಗೆದ್ದಲು ಬರುವುದಿಲ್ಲ. ಆದರೆ ಉಪ್ಪು ಗಾಳಿ ಸುಮ್ನೆ ಬಿಡುತ್ತದಾ? ಮೆಟ್ಟಿಲು ಹತ್ತಿಸುವಾಗ ಆದ ಒಂದು ಗೀರು, ಕೂದಲೆಳೆಯಷ್ಟು, ಮುಂದಿನ ಮಳೆಗಾಲದಲ್ಲಿ ಕಂದು ಗೆರೆಯಾಗಿ ಬಿಳಿ ಅಂಗಿಗೆ ಕಲೆ ಹತ್ತಿಸಿತು. ಉಪ್ಪುಕಾಗದದಲ್ಲಿ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ಮೇಲೆ ಪೇಂಟು ಹೊಡೆದೆ. ಈಗ ಸರಿ ಇದೆ. ಗೀರು ಕಂಡ ದಿನವೇ ಈ ಕೆಲಸ ಮಾಡಿ, ಮತ್ತೆ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ.

ಮೂರನೆಯದು ಹಳೇ ಹಲಸಿನ ಮರದ್ದು, 8,000, ಟೆಂಪೋ ಬಾಡಿಗೆ 700 ಬೇರೆ. ಕೈಗಾ ಅಣುವಿದ್ಯುತ್ ಸ್ಥಾವರ, ನೌಕಾನೆಲೆ ಎರಡೂ ಇರುವ ತಾಲ್ಲೂಕು ಅಲ್ವಾ, ವರ್ಗವಾಗಿ ಹೋಗುವವರು ಸಾಮಾನು ಮಾರುತ್ತಲೇ ಇರುತ್ತಾರೆ, ಶಾಲೆಗೆ ರಜೆ ಬಿದ್ದಾಗ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಇದರ ಬಾಗಿಲೂ ಬಿಗಿಯಾಗುತ್ತದೆ, ಎಳೆದರೆ ಕಿರ್ರ್ ಅನ್ನುತ್ತದೆ. ನಾನು ಕೀಸಿಸಲು ಹೊರಟಿದ್ದೆ, ಬಡಿಗರು ಬೇಡ ಅಂದರು. ಈಗ ಕೀಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದಂತೆ. ಅವರು ಹೇಳಿದ್ದು ನಿಜ, ದೀಪಾವಳಿ ಹೊತ್ತಿಗೆ ತಾನಾಗಿಯೇ ಸಡಿಲಾಯಿತು. ಒಳಗೆ ಬೂಷ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಕಂಡ ದಿನ ಬಾಗಿಲು ತೆರೆದಿಡುತ್ತೇವೆ.

ಹಳೇ ಮರ ತರುವ ಮೊದಲು ಹಿಂಬದಿ ಮತ್ತು ಕಾಲು ನೋಡಿ. ಸೂಜಿ ತೂತು ಇದ್ದು ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗಿದೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ನನ್ನನ್ನು ಕೇಳಿದರೆ ಮೊದಲು ಮರ, ಮಾಡು ಸೋರುವ ಮನೆಯಾದರೆ ಸ್ಟೀಲ್. ಹೊಸದಾಗಿ ಪ್ಲೈವುಡ್‌ನಲ್ಲಿ ಮಾಡಿಸುವವರು ಹಾಳೆ ಮೇಲೆ ಐಎಸ್ 710 ಮುದ್ರೆ ಇದೆಯಾ ನೋಡಿ, ಅದು ನೀರು ತಡೆಯುವ ದರ್ಜೆ. ನಾವು ಮುಂದೆ ಮಂಚ ಕೊಳ್ಳಬೇಕು, ಶಾಲೆಗೆ ರಜೆ ಬಿದ್ದು ಹಳೇ ಸಾಮಾನು ಮಾರಾಟಕ್ಕೆ ಬರುವ ಮೇ ತಿಂಗಳವರೆಗೂ ಚಾಪೆ ಮೇಲೆ ಮಲಗಿ ಕಾಯುತ್ತೇವೆ.