ಮಂಡಿ ಬಿಲ್ಲಿಂಗ್‌ಗೆ ರಿಸ್ಕ್ ಅಳೆದು ಟೆಸ್ಟಿಂಗ್: ಶಿವಮೊಗ್ಗದ ತಂಡವೊಂದರ ಸೇವೆ ಹೇಗಿದೆ?

ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರನ್ನು ಮೂರು ದಿನದಲ್ಲಿ ಟೆಸ್ಟ್ ಮಾಡಿಕೊಡುವ ಸಣ್ಣ ತಂಡ ಇದು. ಅಷ್ಟರಲ್ಲಿ ಎಲ್ಲವನ್ನೂ ನೋಡಲಾಗದು ಅಂತ ಅವರೇ ಮೊದಲು ಹೇಳಿಬಿಡುತ್ತಾರೆ. ಮೊದಲ ಅರ್ಧ ದಿನ ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಸಾಫ್ಟ್‌ವೇರಿನ ಒಂದೊಂದು ಕೆಲಸಕ್ಕೂ ಎರಡು ಅಂಕ: ಕೆಡುವ ಸಾಧ್ಯತೆಗೆ 1ರಿಂದ 5, ಕೆಟ್ಟರೆ ಆಗುವ ನಷ್ಟಕ್ಕೆ 1ರಿಂದ 5. ಗುಣಿಸಿದರೆ ರಿಸ್ಕ್. 15 ದಾಟಿದ್ದು ಮೊದಲು, 6ಕ್ಕಿಂತ ಕಡಿಮೆ ಇದ್ದದ್ದು ಬಿಟ್ಟೇ ಹೋಯಿತು.

ರೈತರಿಗೆ ಕೊಡುವ ಪಟ್ಟಿಯ, ಅಂದರೆ ಮಾರಾಟದ ಬಿಲ್ಲಿನ, ಲೆಕ್ಕಕ್ಕೆ 4×5, ಅಂದರೆ 20 ಬಿತ್ತು. ಸರಿಯಾದ ಅಂದಾಜು. ‘ರಾಶಿ’ ಬಗೆಯ ಅಡಿಕೆ 197.650 ಕೆಜಿ, ಕ್ವಿಂಟಾಲಿಗೆ 48,299 ರೂಪಾಯಿ ಅಂತ ಹಾಕಿದರೆ 95,462.97 ಬರಬೇಕು, ಬಂದದ್ದು 95,487.12. ತೂಕವನ್ನು ಮೊದಲೇ 197.7ಕ್ಕೆ ಏರಿಸಿ ಆಮೇಲೆ ಗುಣಿಸುತ್ತಿತ್ತು. 100, 200 ಅಂತ ದುಂಡು ತೂಕ ಹಾಕಿ ನೋಡುವವರಿಗೆ ಇದು ಸಿಗುವುದೇ ಇಲ್ಲ.

ಸೇವ್ ಒತ್ತಿದ ಕೂಡಲೇ ಪ್ಲಗ್ ಕಿತ್ತು ನೋಡುವ ಪರೀಕ್ಷೆಯಂತೂ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಹತ್ತು ಸಲ ಕಿತ್ತಾಗ ಎರಡು ಸಲ ಪಟ್ಟಿ ಉಳಿದಿತ್ತು, ರೈತರ ಖಾತೆಗೆ ಜಮೆ ಮಾತ್ರ ಆಗಿರಲಿಲ್ಲ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು ಅನ್ನುವ ಹಾಗೆ) ಬರೆಯದಿದ್ದರೆ ಹೀಗೇ ಆಗುವುದು.

ತಕರಾರು ಇರುವುದು ಆ ಗುಣಾಕಾರದ ಮೇಲೆ. ಬ್ಯಾಕಪ್‌ನಿಂದ ಡೇಟಾ ವಾಪಸ್ ತರುವುದಕ್ಕೆ 1×5. ಪ್ರಿಂಟಿನಲ್ಲಿ ಲೆಟರ್‌ಹೆಡ್ ಜರುಗುವುದಕ್ಕೆ 5×1. ಎರಡೂ 5 ಅಂತ ಎರಡನ್ನೂ ಬಿಟ್ಟರು! ನಷ್ಟ 5 ಇದ್ದರೆ, ಸಾಧ್ಯತೆ ಎಷ್ಟೇ ಇರಲಿ, ಒಮ್ಮೆಯಾದರೂ ನೋಡಲೇಬೇಕು. ಬ್ಯಾಕಪ್ ಫೈಲ್ ಇದೆ ಅಂದ ಮಾತ್ರಕ್ಕೆ ಅದು ತೆರೆಯುತ್ತದೆ ಅಂತೇನಿಲ್ಲ. ಬೇರೆ ಕಂಪ್ಯೂಟರಿಗೆ ಹಾಕಿ, ಹಿಂದಿನ ದಿನದ ಪಟ್ಟಿಗಳ ಒಟ್ಟು ಮೊತ್ತ ತಾಳೆ ನೋಡಬೇಕಿತ್ತು.

ಅಂಕ ಹಾಕಲು ಕೂತವರು ಮಂಡಿಯ ಸಾಹುಕಾರರು ಮತ್ತು ಪ್ರೋಗ್ರಾಮರ್. ದಿನಾ ಪಟ್ಟಿ ಬರೆಯುವ ಗುಮಾಸ್ತರನ್ನು ಯಾರೂ ಕರೆಯಲಿಲ್ಲ. ಹಾಗಾಗಿ ರೈತರಿಗೆ ಮೊದಲೇ ಕೊಟ್ಟ ಮುಂಗಡದ ಕಡಿತ ಕೆಡುವ ಸಾಧ್ಯತೆಗೆ ಬರೀ 2. ಒಬ್ಬರದೇ ಎರಡು ಲಾಟು ಒಂದೇ ದಿನ ಮಾರಾಟವಾದರೆ ಮುಂಗಡ ಎರಡರಲ್ಲೂ ಕಡಿತವಾಗಿಬಿಡುತ್ತದೆ ಅನ್ನುವುದು ಗುಮಾಸ್ತರಿಗೆ ಬಾಯಿಪಾಠ.

ವರದಿ ಚೆನ್ನಾಗಿದೆ. ಏನನ್ನು ನೋಡದೆ ಬಿಟ್ಟೆವು ಅಂತ ಬೇರೆಯೇ ಪುಟದಲ್ಲಿ ಬರೆದಿದ್ದಾರೆ. ಇಷ್ಟು ಧೈರ್ಯ ದೊಡ್ಡ ಊರಿನವರಿಗೂ ಕಡಿಮೆ. ಅಪ್‌ಡೇಟ್ ಬಂದ ಮೇಲೆ ಮತ್ತೆ ಅಂಕ ಹಾಕಲು ಮಾತ್ರ ಬೇರೆ ದುಡ್ಡು.

ಕರೆಸುವವರು ಗುಮಾಸ್ತರನ್ನು ಜೊತೆಗೆ ಕೂರಿಸಿ, ಬ್ಯಾಕಪ್ ಪರೀಕ್ಷೆಯನ್ನು ಮೊದಲೇ ಬರೆಸಿಕೊಳ್ಳಿ. ಕೊಯ್ಲಿಗೆ ಮುಂಚೆಯೇ ಕರೆಸಿ. ಆಮೇಲೆ ಮಂಡಿಯಲ್ಲಿ ಅರ್ಧ ದಿನ ಕೂರಲು ಯಾರಿಗೂ ಪುರುಸೊತ್ತು ಇರುವುದಿಲ್ಲ.