ನಾಲ್ಕು ವರ್ಷ, 56 ಸಾವಿರ ಕಿಲೋಮೀಟರ್: ನನ್ನ ಡೀಸೆಲ್ ಎಸ್‌ಯುವಿ ಮತ್ತು ಅಮ್ಮನಿಗೆ ಕೇಳುವ ಫ್ಯಾನ್ ಸದ್ದು

ಆಫೀಸಿನ ಗೆಳೆಯನೊಬ್ಬ ಎರಡು ತಿಂಗಳಿಂದ ಗಂಟು ಬಿದ್ದಿದ್ದಾನೆ. ದೊಡ್ಡ ಐಷಾರಾಮಿ ಎಸ್‌ಯುವಿ ತಗೊಳ್ಳೋದು ಖಚಿತವಂತೆ; ಡೀಸೆಲ್ಲೋ ಪೆಟ್ರೋಲೋ ಅನ್ನೋದಷ್ಟೇ ಬಾಕಿ. ಒಂದು ಸಲ ನನ್ನ ಗಾಡಿಯಲ್ಲಿ ಹೆದ್ದಾರಿಗೆ ಹೋಗಿ ಬಂದ ಮೇಲೆ ಅದೂ ಬಾಕಿ ಉಳಿದಿಲ್ಲ, ನಾನು ಹೂಂ ಅನ್ನಲಿ ಅಂತ ಕಾಯುತ್ತಿದ್ದಾನೆ. ಮಧ್ಯಾಹ್ನದ ಬಿಡುವಿನಲ್ಲಿ ಹೇಳಿ ಮುಗಿಸುವ ಕಥೆಯಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮೂರು ಲೀಟರಿನ, ಆರು ಸಿಲಿಂಡರಿನ ಡೀಸೆಲ್. ಹೊಸದು ಕೊಳ್ಳುವ ತಾಕತ್ತು ಇರಲಿಲ್ಲ. ಎರಡು ವರ್ಷ ಓಡಿದ್ದನ್ನು ಕೊಂಡೆ; ಬೆಲೆಯ ಮೊದಲ ದೊಡ್ಡ ಇಳಿತವನ್ನು ಹಿಂದಿನ ಮಾಲೀಕರೇ ನುಂಗಿಕೊಂಡಿದ್ದರು. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಗಾಡಿ ಹಳೆಯದಾದರೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ ಅನ್ನೋದು ಆಗ ಹೊಳೆಯಲಿಲ್ಲ. ನಾಲ್ಕೂ ಟೈರ್ ಬದಲಿಸಿದ ತಿಂಗಳು ನನ್ನ ಸಂಬಳದಲ್ಲಿ ಬೇರೆ ಯಾವುದಕ್ಕೂ ಜಾಗವೇ ಉಳಿಯಲಿಲ್ಲ. ಇನ್ನು ಸೀಟು, ಸ್ಕ್ರೀನು, ಸನ್‌ರೂಫು, ಹದಿನಾರು ಸ್ಪೀಕರು ಇವೆಲ್ಲ ನೀವು ನೋಡಿಯೇ ಬಂದಿರುತ್ತೀರಿ. ಚೆನ್ನಾಗಿವೆ. ಮೂರನೇ ತಿಂಗಳಿಗೆ ಅವು ಇರುವುದೇ ಮರೆತುಹೋಗುತ್ತದೆ.

ಮರೆತುಹೋಗದೇ ಇರುವುದು ಎಂಜಿನ್. ಬೆಳಿಗ್ಗೆ ಬಟನ್ ಒತ್ತಿದರೆ ಸುರುಳಿಯ ಚಿತ್ರದ ದೀಪ ಒಂದು ಕ್ಷಣ ಬಂದು ಹೋಗುತ್ತದೆ, ಆಮೇಲೆ ಅರ್ಧ ನಿಮಿಷ ಒರಟಾದ ಟಕಟಕ. ಈ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಹಿಂಡಿದಾಗ ಏಳುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಿಂದ ಇವತ್ತಿನವರೆಗೂ ಅದೇ ಉಪಾಯ. ತಣ್ಣಗಿದ್ದಾಗ ಹೊತ್ತಿಕೊಳ್ಳುವುದು ಚೂರು ತಡವಾಗುತ್ತದೆ, ತಡವಾದದ್ದೆಲ್ಲ ಒಟ್ಟಿಗೇ ಹೊತ್ತಿಕೊಂಡಾಗ ಆ ಸದ್ದು. ಗೇಟು ದಾಟಿ ತಿರುವಿಗೆ ಬರುವಷ್ಟರಲ್ಲಿ ಅದು ಗುನುಗಾಗಿರುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಬೆಳಗಾಯಿತು ಅನ್ನಿಸುವುದೇ ಆಗ.

ಹೆದ್ದಾರಿಯಲ್ಲಿ ಎಂಟನೇ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಹೋಗುವಾಗ ಎಂಜಿನ್ 1,500 ಸುತ್ತಿನ ಆಸುಪಾಸಿನಲ್ಲಿ ತೂಕಡಿಸುತ್ತಿರುತ್ತದೆ. ಮುಂದೆ ಲಾರಿ, ರಸ್ತೆ ಏರು, ಒಳಗೆ ಐದು ಜನ, ಹಿಂದೆ ಸಾಮಾನು. ಪಾದದ ಭಾರ ಒಂಚೂರು ಹೆಚ್ಚಾದರೆ ಸಾಕು. ಗೇರ್ ಇಳಿಯುವುದಿಲ್ಲ, ಎಂಜಿನ್ ಕಿರುಚುವುದಿಲ್ಲ. ಯಾರೋ ಬೆನ್ನಿಗೆ ಅಂಗೈ ಇಟ್ಟು ತಳ್ಳಿದ ಹಾಗೆ ಎರಡೂಕಾಲು ಟನ್ ಗಾಡಿ ಲಾರಿಯನ್ನು ದಾಟಿ ಮುಂದಿರುತ್ತದೆ. 600 ನ್ಯೂಟನ್ ಮೀಟರ್ ಟಾರ್ಕ್ ಅಂದರೇನು ಅಂತ ಕೇಳಿದರೆ ನನಗೆ ಹೇಳೋಕೆ ಬರೋದು ಇಷ್ಟೇ. ಗೆಳೆಯ ಮರುಳಾದದ್ದೂ ಇದಕ್ಕೇ. ಅವನು ಕೂತಿದ್ದು ಹೆದ್ದಾರಿಯಲ್ಲಿ. ಸೋಮವಾರ ಬೆಳಿಗ್ಗೆ ಕೂರಬೇಕಿತ್ತು.

ಯಾಕೆಂದರೆ ನಮ್ಮ ಮನೆಯಿಂದ ಆಫೀಸಿಗೆ ಏಳೇ ಕಿಲೋಮೀಟರ್. ಕೊಳ್ಳುವಾಗ ನನ್ನ ಕಣ್ಣೆದುರು ಇದ್ದದ್ದು ತಿಂಗಳಿಗೊಂದು ದೂರದ ಪ್ರಯಾಣ. ಉಳಿದ ಇಪ್ಪತ್ತೆಂಟು ದಿನ ಗಾಡಿ ಏನು ಮಾಡುತ್ತದೆ ಅಂತ ನಾನು ಯೋಚಿಸಲಿಲ್ಲ, ಮಾರಿದವರೂ ಕೇಳಲಿಲ್ಲ.

ಐದನೇ ತಿಂಗಳು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಳದಿ ದೀಪ ಬಂತು. ಡಬ್ಬಿಯ ಚಿತ್ರ, ಒಳಗೆ ಚುಕ್ಕಿಗಳು. ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಡಲು ಹೊಗೆಕೊಳವೆಯ ದಾರಿಯಲ್ಲಿ ಇಟ್ಟಿರುವ, ಜೇನುಗೂಡಿನಂಥ ಸೆರಾಮಿಕ್ ಫಿಲ್ಟರ್ ಅದು. ಮಸಿ ಒಂದು ಮಟ್ಟಕ್ಕೆ ತುಂಬಿದಾಗ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರಿನ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಟ್ಟು ಹಾಕುತ್ತದೆ. ರೀಜನರೇಶನ್ ಅನ್ನುತ್ತಾರೆ. ಅದು ಮುಗಿಯಲು ಹದಿನೈದು ಇಪ್ಪತ್ತು ನಿಮಿಷ ಗಾಡಿ ಎಡೆಬಿಡದೆ ಓಡಬೇಕು. ನನ್ನ ಆಫೀಸು ಅಷ್ಟು ದೂರ ಇಲ್ಲವಲ್ಲ. ನೀರು ಕಾಯುವ ಮೊದಲೇ ಒಲೆ ಆರಿಸಿದ ಹಾಗೆ, ದಿನಕ್ಕೆರಡು ಸಲ.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಹೊಟ್ಟೆ ಕಟ್ಟಿದೆ ಅನ್ನು" ಅಂದಳು.

ಹೆದ್ದಾರಿಗೆ ಹೋಗಿ ಬಂದೆ, ದೀಪ ಆರಿತು. ಮೂರು ವಾರಕ್ಕೆ ಮತ್ತೆ ಬಂತು. ಎಂಟನೇ ತಿಂಗಳು ಪರದೆಯ ಮೇಲೆ ಹೊಸ ಸಂದೇಶ: ಎಂಜಿನ್ ಆಯಿಲ್ ಗರಿಷ್ಠ ಮಟ್ಟಕ್ಕಿಂತ ಹೆಚ್ಚಾಗಿದೆ. ಗಾಡಿಯಲ್ಲಿ ಆಯಿಲ್ ಕಡಿಮೆಯಾಗೋದು ಗೊತ್ತಿತ್ತು, ಹೆಚ್ಚಾಗೋದನ್ನು ನಾನು ಕೇಳಿರಲಿಲ್ಲ. ಎಳೆದು ನೋಡೋಣವೆಂದರೆ ಇದರಲ್ಲಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ಕೇ ಇಲ್ಲ. ಆಮೇಲೆ ತಿಳಿಯಿತು: ಮಸಿ ಸುಡಲೆಂದು ಚಿಮ್ಮಿಸಿದ ಡೀಸೆಲ್ಲಿನಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆಗುಂಟ ಜಾರಿ ಕೆಳಗಿನ ಆಯಿಲ್ಲಿಗೆ ಸೇರುತ್ತದೆ. ಸುಡುವ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾದಾಗ ಇನ್ನೊಂದಿಷ್ಟು. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗು ಟರ್ಬೊಗಳಿಗೆ ಬೇಕಾದ ಜಿಡ್ಡು ಉಳಿಯುವುದಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಹೊಳೆಯುವ ನೆಲ, ಮೆತ್ತನೆಯ ಸೋಫಾ, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ. ಗಾಡಿಯನ್ನು ಒಂದು ಗಂಟೆ ಒಳಗಿಟ್ಟುಕೊಂಡು ಬಂದು, "ಸರ್, ಫಿಲ್ಟರ್ ಪೂರ್ತಿ ಬದಲಾಯಿಸಬೇಕಾಗುತ್ತೆ" ಅಂದ. ಅಂದಾಜು ಮೊತ್ತ ನೋಡಿದಾಗ ಗಾಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋಗೋಣ ಅನ್ನಿಸಿತು. "ನೀವು ಗಾಡಿ ಓಡಿಸೋ ರೀತಿ ಇದಕ್ಕೆ ಆಗಿಬರಲ್ಲ ಸರ್" ಅಂತಲೂ ಸೇರಿಸಿದ. ಅವನು ಹೇಳಿದ್ದು ನಿಜವೇ. ಆದರೆ ಆ ನಿಜವನ್ನು ಕೊಳ್ಳುವ ದಿನ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಅವತ್ತು ಸಂಜೆ ಗಾಡಿ ಮಾರುವ ಜಾಹೀರಾತಿಗೆ ಫೋಟೊ ಕೂಡ ತೆಗೆದೆ. ಎಡಬದಿಯದು ಚೆನ್ನಾಗಿ ಬಂದಿತ್ತು.

ಮಾರುವ ಮೊದಲು ಕೊನೆಯದಾಗಿ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಲ್ಯಾಪ್‌ಟಾಪ್ ಸಿಕ್ಕಿಸಿ, ನನ್ನ ಪಕ್ಕ ಕೂತು, ಇಪ್ಪತ್ತು ನಿಮಿಷ ಸುತ್ತಾಡಿಸಿದ. ಮಾತಿಲ್ಲ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದ. "ಕೂಲಂಟ್ ನೋಡಿ ಸರ್, 71 ಡಿಗ್ರಿ ದಾಟ್ತಾನೇ ಇಲ್ಲ." ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು, ನಾನು ಅದನ್ನು ತೋರಿಸಿದೆ. ನಕ್ಕುಬಿಟ್ಟ. "ಆ ಮುಳ್ಳು ಇರೋದು ನಿಮ್ಮ ಸಮಾಧಾನಕ್ಕೆ ಸರ್."

ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ, ಥರ್ಮೋಸ್ಟಾಟ್, ತೆರೆದುಕೊಂಡೇ ಕಚ್ಚಿಕೊಂಡಿತ್ತು. ನೀರು ಸದಾ ರೇಡಿಯೇಟರಿನಲ್ಲಿ ಸುತ್ತುತ್ತಿದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಬಿಸಿಯಾಗದಿದ್ದರೆ ಕಂಪ್ಯೂಟರ್ ಮಸಿ ಸುಡುವ ಕೆಲಸಕ್ಕೆ ಕೈಹಾಕಲು ಹಿಂದೆಮುಂದೆ ನೋಡುತ್ತದೆ. ಮುಷ್ಟಿಗಾತ್ರದ ಆ ಸಾಮಾನು ಬದಲಿಸಿ, ನಿಂತಲ್ಲೇ ಲ್ಯಾಪ್‌ಟಾಪಿನಿಂದ ರೀಜನರೇಶನ್ ಮಾಡಿಸಿ, ಆಯಿಲ್ ಬದಲಿಸಿದ. ಒಟ್ಟು ಖರ್ಚು ಸೋಫಾದವರು ಹೇಳಿದ್ದರ ಇಪ್ಪತ್ತರಲ್ಲಿ ಒಂದು ಭಾಗವೂ ಆಗಲಿಲ್ಲ. ಫಿಲ್ಟರ್ ಇವತ್ತಿಗೂ ಅದೇ ಇದೆ. ಸೈಲೆನ್ಸರಿನ ತುದಿಯೊಳಗೆ ಬೆರಳಾಡಿಸಿದರೆ ಮಸಿ ಅಂಟುವುದಿಲ್ಲ. ಹಳೆಯ ಡೀಸೆಲ್ ನೋಡಲು ಹೋದವರು ಇದೊಂದು ಪರೀಕ್ಷೆ ಮಾಡಲೇಬೇಕು: ಬೆರಳು ಕಪ್ಪಾದರೆ ಫಿಲ್ಟರ್ ಬಿರುಕು ಬಿಟ್ಟಿದೆ, ಇಲ್ಲವೇ ಯಾರೋ ಅದನ್ನು ಕಿತ್ತುಹಾಕಿಸಿದ್ದಾರೆ ಅಂತ ಅನುಮಾನಪಡಬೇಕು. ಜೊತೆಗೆ ಸ್ಕ್ಯಾನರ್ ಸಿಕ್ಕಿಸಿ, ಮಸಿ ಎಷ್ಟಿದೆ, ಕೊನೆಯ ಸಲ ಸುಟ್ಟು ಎಷ್ಟು ಕಿಲೋಮೀಟರ್ ಆಯಿತು, ಕಾಲು ಗಂಟೆ ಓಡಿಸಿದ ಮೇಲೆ ಕೂಲಂಟ್ ಎಷ್ಟು ಬಿಸಿಯಿದೆ ಅಂತ ನೋಡಿಸಿ. ಲೆದರ್ ಸೀಟು ಆಮೇಲೆ ನೋಡಿದರಾಯಿತು.

ಥರ್ಮೋಸ್ಟಾಟ್ ಸರಿಹೋಯಿತು ಅಂತ ಏಳು ಕಿಲೋಮೀಟರ್ ಎಪ್ಪತ್ತಾಗುವುದಿಲ್ಲವಲ್ಲ. ಹಾಗಾಗಿ ಗಾಡಿಯ ಲಕ್ಷಣ ಓದುವುದನ್ನು ಕಲಿತೆ. ಮಸಿ ಸುಡುತ್ತಿರುವಾಗ ನಿಂತಲ್ಲಿ ಎಂಜಿನ್ನಿನ ಸುತ್ತು 700ರ ಬದಲು 900ರ ಹತ್ತಿರ ಇರುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಎಂಜಿನ್ ಆಫ್ ಆಗುವುದಿಲ್ಲ. ಮೈಲೇಜಿನ ಪಟ್ಟಿ ದಬಕ್ಕನೆ ಬೀಳುತ್ತದೆ. ಇಳಿದರೆ ಕಾದ ಕಬ್ಬಿಣದ ವಾಸನೆ. ಇದಾವುದೂ ಗಮನಕ್ಕೆ ಬಾರದೆ ಮನೆಗೆ ಬಂದು ಆಫ್ ಮಾಡಿದರೆ ಬಾನೆಟ್ ಒಳಗೆ ಫ್ಯಾನ್ ಭರ್ರೆಂದು ತಿರುಗುತ್ತಲೇ ಇರುತ್ತದೆ. ಗಾಡಿ ನಿಲ್ಲಿಸುವ ಜಾಗಕ್ಕೆ ಅಮ್ಮನ ಕೋಣೆಯ ಕಿಟಕಿ. ಕಿಟಕಿ ತೆಗೆದುಕೊಳ್ಳುತ್ತದೆ. "ಮತ್ತೆ ಅರ್ಧಕ್ಕೇ ಬಿಟ್ಟು ಬಂದ್ಯೇನೋ?"

ಹಾಗೆ ಅರ್ಧಕ್ಕೆ ಬಿಟ್ಟ ವಾರ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಾವಿಬ್ಬರೂ ಹೊರಡುತ್ತೇವೆ. ನಾನು ಒಬ್ಬನೇ ಹೋಗುತ್ತಿದ್ದೆ; ಎರಡನೇ ವರ್ಷ ಒಂದು ದಿನ ಅಮ್ಮ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು, ನಿದ್ದೆ ಬರಲಿಲ್ಲವಂತೆ. ಈಗ ಅವಳ ಕನ್ನಡಕದ ಡಬ್ಬಿ ಮುಂದಿನ ಬಾಗಿಲಿನ ಜೇಬಿನಲ್ಲೇ ಇರುತ್ತದೆ. ಸೀಟನ್ನು ಅವಳಿಗೆ ಬೇಕಾದಷ್ಟು ಎತ್ತರಿಸಿ ಎರಡನೇ ನಂಬರಿನ ಬಟನ್ನಿಗೆ ಉಳಿಸಿಟ್ಟಿದ್ದೇನೆ. ಅದು "ನನ್ನ ಬಟನ್". ಮೂವತ್ತೆರಡು ಕಿಲೋಮೀಟರ್ ನೇರ, ಮೇಲ್ಸೇತುವೆಯ ಕೆಳಗೆ ತಿರುಗಿಸಿ ಅದೇ ದಾರಿಯಲ್ಲಿ ವಾಪಸ್. ಗೇರನ್ನು ನಾನೇ ಒಂದು ಮೆಟ್ಟಿಲು ಇಳಿಸಿ ಸುತ್ತನ್ನು 2,000ದ ಮೇಲೆ ಇಡುತ್ತೇನೆ, ಹೊಗೆ ಬಿಸಿಯಾಗಿರಲಿ ಅಂತ. ಮನೆಯಲ್ಲಿ ಟಿವಿ ಮುಂದೆ ಕೂತರೆ ನಾಲ್ಕು ಮಾತಾಡದವಳು ಇಲ್ಲಿ ಎದುರಿನ ರಸ್ತೆ ನೋಡುತ್ತಾ ಮಾತಾಡುತ್ತಾಳೆ. ಹದಿನೆಂಟರಲ್ಲಿ ಅಣ್ಣನ ಸೈಕಲ್ಲು ಕದ್ದು ಕಲಿಯಲು ಹೋಗಿ ಮುಳ್ಳುಬೇಲಿಗೆ ನುಗ್ಗಿದ್ದು, ಮೊಣಕೈ ಗಾಯವನ್ನು ಎರಡು ವಾರ ಉದ್ದ ತೋಳಿನ ರವಿಕೆಯಲ್ಲಿ ಮುಚ್ಚಿಟ್ಟದ್ದು ನನಗೆ ಗೊತ್ತಾದದ್ದು ಇಪ್ಪತ್ತನೇ ಕಿಲೋಮೀಟರಿನಲ್ಲಿ. ಸುಡುವ ಕೆಲಸ ಮುಗಿದಾಗ ಎಂಜಿನ್ನಿನ ದನಿ ಒಂಚೂರು ಹಗುರಾಗುತ್ತದೆ. ನಾನು ಮೈಲೇಜಿನ ಪಟ್ಟಿ ನೋಡುವಷ್ಟರಲ್ಲಿ "ಆಯ್ತಲ್ಲ" ಅಂದಿರುತ್ತಾಳೆ. ಇದುವರೆಗೆ ತಪ್ಪಿಲ್ಲ.

ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ತುಂಬಿಸುವ ದ್ರವ ಆಡ್‌ಬ್ಲೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಗೆಯ ನೈಟ್ರೋಜನ್ ಆಕ್ಸೈಡನ್ನು ನೈಟ್ರೋಜನ್ನು ನೀರು ಮಾಡಿ ಕಳಿಸುತ್ತದೆ. ಯುರೋಪಿನ ಹೊಗೆ ನಿಯಮ ಯೂರೋ 5ರಲ್ಲಿ ಕಿಲೋಮೀಟರಿಗೆ 180 ಮಿಲಿಗ್ರಾಂ ಇದ್ದ ಮಿತಿಯನ್ನು ಯೂರೋ 6 ಒಮ್ಮೆಗೇ 80ಕ್ಕೆ ಇಳಿಸಿದ್ದರಿಂದ ದೊಡ್ಡ ಡೀಸೆಲ್‌ಗಳಿಗೆ ಇದು ಅನಿವಾರ್ಯವಾಯಿತು. ನನ್ನದು ಸಾವಿರ ಕಿಲೋಮೀಟರಿಗೆ ಒಂದೂಕಾಲು ಲೀಟರ್ ಕುಡಿಯುತ್ತದೆ. ಖಾಲಿಯಾಗುವವರೆಗೆ ಬಿಟ್ಟರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ, ಆದರೆ ಸಾಕಷ್ಟು ಮುಂಚೆಯೇ ಎಚ್ಚರಿಸುತ್ತದೆ. ನೀಲಿ ಮುಚ್ಚಳ ಡೀಸೆಲ್ ಮುಚ್ಚಳದ ಪಕ್ಕದಲ್ಲೇ ಇದೆ, ನಿದ್ದೆಗಣ್ಣಲ್ಲಿ ತುಂಬಿಸಬೇಡಿ. ಚೆಲ್ಲಿದ್ದು ಒಣಗಿದರೆ ಬಿಳಿ ಹರಳು ಕಟ್ಟುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಯೂರಿಯಾ ಅಂದರೆ ಗಿಡಕ್ಕೂ ಆಗುತ್ತಲ್ಲ ಅಂತ ಅಮ್ಮ ಕೇಳಿದಳು. ಬೇಡ ಅಂದೆ.

ಮೈಲೇಜು ಊರೊಳಗೆ ಎಂಟೂವರೆ, ಹೆದ್ದಾರಿಯಲ್ಲಿ ಹದಿನಾಲ್ಕೂವರೆ. ಲೀಟರಿಗೆ ಲೀಟರ್ ಹೋಲಿಸಿ ಡೀಸೆಲ್ ಗೆದ್ದಿತು ಅನ್ನುವವರು ಒಂದು ವಿಷಯ ಬಿಡುತ್ತಾರೆ: ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಶಕ್ತಿಯೂ ಜಾಸ್ತಿ, ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡೂ ಜಾಸ್ತಿ, ಪೆಟ್ರೋಲಿನದು ಸುಮಾರು 2.3 ಕಿಲೋ ಆದರೆ ಇದರದ್ದು 2.6. ಊರೊಳಗಿನ ಎಂಟೂವರೆಯಲ್ಲಿ ಮಸಿ ಸುಡಲು ಹೋಗುವ ಡೀಸೆಲ್ಲೂ ಸೇರಿದೆ. ಇಂಧನದಲ್ಲಿ ಉಳಿಸಿದ್ದನ್ನು ನಾನು ಆಯಿಲ್ಲಿಗೆ ಕೊಟ್ಟೆ; ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಬದಲಿಸುತ್ತೇನೆ, ಅದೂ ಬೂದಿ ಕಡಿಮೆ ಬಿಡುವ ಆಯಿಲ್ಲೇ ಆಗಬೇಕು. ಮಸಿ ಸುಡುತ್ತದೆ, ಆಯಿಲ್ಲಿನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ನನಗಿಂತ ಮೂರು ಪಟ್ಟು ಓಡಿಸುವವರಿಗೆ ಈ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ, ಅವರು ಈ ಗಾಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ಗೆಳೆಯನಿಗೆ ಒಂದು ಕೆಲಸ ಕೊಟ್ಟಿದ್ದೆ. ಒಂದು ತಿಂಗಳು ಈಗಿನ ಕಾರಿನಲ್ಲಿ ಮಾಡಿದ ಪ್ರತಿ ಓಡಾಟವನ್ನೂ ಬರೆದಿಡು, ಮಗಳ ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಂದದ್ದನ್ನೂ ಬಿಡದೆ ಅಂತ. ನಿನ್ನೆ ಪುಸ್ತಕ ತಂದಿದ್ದ. 74 ಓಡಾಟ, ಅದರಲ್ಲಿ 68 ಎಂಟು ಕಿಲೋಮೀಟರಿನೊಳಗೆ. ಪೆಟ್ರೋಲ್ ತಗೋ, ಹೈಬ್ರಿಡ್ ಸಿಕ್ಕಿದರೆ ಇನ್ನೂ ಒಳ್ಳೇದು ಅಂದೆ. ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಪುಸ್ತಕದ ಹಾಳೆ ತಿರುವುತ್ತಿದ್ದು, "ಹಾಗಾದ್ರೆ ನಿಂದು ಮಾರ್ತೀಯಾ?" ಅಂತ ಕೇಳಿದ.

ಅಮ್ಮನ್ನ ಕೇಳಬೇಕು ಅಂದೆ.